ಉಸಿರಿಗೆ ಜೊತೆ ಸಿಕ್ಕಿದ ದಿನ

ಜೋಡಿಮನೆ, ಗಂಗೊಳ್ಳಿ
೩೦ ಫೆಬ್ರವರಿ ೨೪೭೧

ಪ್ರಿಯ ಹಿರಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಯ ಮೇಲೆ ಕರುಣೆ ಬಂದು ನಮ್ಮವರು ಅದಕ್ಕೆ ಎರಡು ದಿನ ಹೆಚ್ಚು ಕೊಟ್ಟು ಬಹಳ ಕಾಲವಾಯಿತು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಮಾತು ಎಲ್ಲಾದರೂ ಒರಟೆನಿಸಿದರೆ ಕ್ಷಮಿಸಿ. ಇವತ್ತು ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಯಾರಿಗಾದರೂ ಹೇಳಲೇಬೇಕು.

ನಮ್ಮ ಕರಾವಳಿಯಲ್ಲಿ ಇಂಗ್ಲಿಷ್ ಆಡುವವರು ಇಲ್ಲವಾಗಿ ನೂರು ವರ್ಷ ದಾಟಿತು. ನೀವು ಬಿಟ್ಟುಹೋದ ನಿಘಂಟುಗಳಿಂದ ಒಂದೊಂದು ಪದದ ಅರ್ಥ ನಮಗೆ ಗೊತ್ತು. ಆದರೆ ಯಾವ ಪದ ಯಾವುದರ ಪಕ್ಕದಲ್ಲಿ ಕೂರುತ್ತದೆ, ಯಾವ ಹೊತ್ತಿನಲ್ಲಿ ಬಾಯಿಗೆ ಬರುತ್ತದೆ ಎನ್ನುವುದು ಗೊತ್ತಿಲ್ಲ. ಅದನ್ನು ಹುಡುಕುವ ಜಾಗವೇ ನಾನು ಕೆಲಸ ಮಾಡುವ ಜೋಡಿಮನೆ. ನಿಮ್ಮಲ್ಲಿ ಮಳೆ ‘ಹೆವಿ’ಯಂತೆ, ಚಹಾ ‘ಸ್ಟ್ರಾಂಗ್’ ಅಂತೆ. ಅದಲು ಬದಲು ಮಾಡಬಾರದಂತೆ. ನಿಜವಾದ ಸಂದರ್ಭದಲ್ಲಿ ಯಾರಾದರೂ ಆಡಿದ್ದನ್ನು ಕಿವಿಯಾರೆ ಕೇಳುವ ತನಕ ಯಾವ ಜೋಡಿಯನ್ನೂ ನಾವು ಮನೆ ತುಂಬಿಸಿಕೊಳ್ಳುವುದಿಲ್ಲ. ಇಂಗ್ಲಿಷಿನವರು ಬರುವುದು ವರ್ಷಕ್ಕೊಮ್ಮೆ, ಉಪ್ಪು ಒಯ್ಯಲು, ಬಿಸಿಲುಹಡಗಿನಲ್ಲಿ. ಅದು ಬಿಸಿಲನ್ನೇ ಉಂಡು ಓಡುವ ಹಡಗು. ಅವರು ಸಂತೆಗೆ ಇಳಿದರೆ ನಾವು ಬಾಲದಂತೆ ಹಿಂದೆ ಹಿಂದೆಯೇ. ಅವರು ತಮ್ಮತಮ್ಮಲ್ಲೇ ಜಗಳವಾಡಿದರಂತೂ ನಮಗೆ ಹಬ್ಬ.

ಉಸಿರಿಗೆ ಅವರು ಹೇಳುವ ‘ಬ್ರೆತ್’ ಎಂಬ ಪದಕ್ಕೆ ಮಾತ್ರ ಜೊತೆ ಸಿಕ್ಕಿರಲಿಲ್ಲ. ಜೋಡಿಮನೆಯ ಹಿರಿಯರಾದ ಐತಪ್ಪಣ್ಣನದು ‘ಲಾಂಗ್’ ಪಕ್ಷ. ನಾನೂ ನನ್ನ ಜೊತೆಗೇ ಕೆಲಸ ಮಾಡುವ ತಂಗಿ ಜಲಜೆಯೂ ‘ಡೀಪ್’ ಪಕ್ಷ. “ಎಂತ ಮಾರಾಯ್ತಿ, ಉಸಿರಂದ್ರೆ ಬಾವಿಯಾ, ಆಳ ಇರ್ಲಿಕ್ಕೆ?” ಎಂದು ಅವರು ತುಂಬಿದ ಸಭೆಯಲ್ಲೇ ಜಲಜೆಯನ್ನು ಹಾಸ್ಯ ಮಾಡಿದ್ದರು. ಅವಳು ಆಗ ತುಂಬು ಬಸುರಿ, ಆದರೂ ಒಂದಿಂಚು ಬಗ್ಗಲಿಲ್ಲ.

ನಿನ್ನೆ ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಕೈಚೆಲ್ಲಿದಳು. ನಾನು ಬಂದರಿಗೆ ಓಡಿ, ಈ ವಾರವಷ್ಟೇ ಬಂದಿದ್ದ ಬಿಸಿಲುಹಡಗಿನ ಡಾಕ್ಟರಮ್ಮನನ್ನು ಕೈಹಿಡಿದು ಎಳೆದು ತಂದೆ. ಆಕೆಗೆ ಕನ್ನಡದ ಗಂಧವೂ ಇಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವನ್ನು ತಿರುಗಿಸಲು ನೋಡಿದರು. ಜಲಜೆ ಹೆದರಿ ಮೈ ಬಿಗಿ ಹಿಡಿದಿದ್ದಳು, ಮಗು ಜಗ್ಗಲಿಲ್ಲ. ಇಬ್ಬರನ್ನೂ ಕಳೆದುಕೊಳ್ಳುತ್ತೇನೆಂದೇ ಅಂದುಕೊಂಡೆ. ಆಗ ಡಾಕ್ಟರಮ್ಮ ಬಾಗಿ, ತಾವೇ ಎದೆ ತುಂಬ ಗಾಳಿ ಎಳೆದುಕೊಂಡು ತೋರಿಸಿ, “ಡೀಪ್ ಬ್ರೆತ್” ಎಂದರು.

ಜಲಜೆ ಕಣ್ಣು ಬಿಟ್ಟಳು. “ಅಕ್ಕಾ, ಕೇಳಿದ್ಯಾ? ನಾವು ಹೇಳಿದ್ದೇ ಸರಿ.” ಅಷ್ಟು ನೋವಿನಲ್ಲೂ ನಕ್ಕುಬಿಟ್ಟಳು ನನ್ನ ತಂಗಿ. ನಕ್ಕು ಉಸಿರೆಳೆದಳು, ಮತ್ತೆ ಎಳೆದಳು. ಮೈ ಸಡಿಲವಾಯಿತು, ಡಾಕ್ಟರಮ್ಮನ ಕೈಯಡಿಯಲ್ಲಿ ಮಗು ಮೆಲ್ಲಗೆ ತಿರುಗಿತು. ಹೊರಗೆ ಜಗಲಿಯಲ್ಲಿ ಐತಪ್ಪಣ್ಣ ಅಳುತ್ತ ಕೂತಿದ್ದರು. “ಆಯ್ತು, ಆಳವೇ ಇರ್ಲಿ. ಅವಳೊಬ್ಳು ಉಳ್ಕೊಂಡ್ರೆ ಸಾಕು” ಎಂದು ಬಂದವರಿಗೆಲ್ಲ ಹೇಳುತ್ತಿದ್ದರಂತೆ.

ಅವಳೂ ಉಳಿದಳು, ಹೆಣ್ಣುಮಗುವೂ ಉಳಿಯಿತು. ಕೂಸನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ, ಡಾಕ್ಟರಮ್ಮ ಅದರ ಕಿವಿಯ ಹತ್ತಿರ ಇನ್ನೊಂದು ಜೋಡಿ ಹೇಳಿದರು: “ಹ್ಯಾಪಿ ಬರ್ತ್‌ಡೇ.” ನಮ್ಮಲ್ಲಿ ಯಾರೂ ಅದುವರೆಗೆ ಕೇಳದ ಮಾತು ಅದು.

ಇವತ್ತು ಎರಡು ಜೋಡಿಗಳನ್ನೂ ಮನೆ ತುಂಬಿಸಿಕೊಂಡೆವು. ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ: ಮುಂದಿನವರಿಗೆ ಪದಗಳನ್ನು ಬಿಟ್ಟುಹೋಗುವಾಗ, ಅವನ್ನು ಯಾರು ಯಾರಿಗೆ ಯಾವಾಗ ಹೇಳಿದರೆಂಬುದನ್ನೂ ಬಿಟ್ಟುಹೋಗಿ. ಈ ಎರಡನೆಯ ಜೋಡಿಯ ಸಂದರ್ಭವನ್ನು ನಾವು ಹೀಗೆ ನಿರ್ಣಯಿಸಿದ್ದೇವೆ: ತಾಯಿ ಮಗು ಇಬ್ಬರೂ ಬದುಕಿ ಉಳಿದ ಗಳಿಗೆಯಲ್ಲಿ, ಜನ್ಮಕ್ಕೆ ಒಮ್ಮೆ ಮಾತ್ರ ಹೇಳತಕ್ಕದ್ದು. ಇಷ್ಟು ದೊಡ್ಡ ಮಾತನ್ನು ನೀವು ಇನ್ನೆಲ್ಲೂ ಬಳಸಿರಲಾರಿರಿ ಎಂದು ನಮಗೆ ಖಾತ್ರಿ. ಅದನ್ನು ಹೇಳುವಾಗ ನಿಮ್ಮಲ್ಲೂ ಎಲ್ಲರೂ ಹೀಗೆಯೇ ಅಳುತ್ತಿದ್ದರೇ?

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ವಾರಿಜ