ತಂಗಿ ಕೆಡಿಸಿದ ಕ್ಯಾಸೆಟ್

ಮಂಗಳವಾರ, ೧೨ ನವೆಂಬರ್ ೨೦೨೪. ಲೇವಾರ್ಡನ್, ನೆದರ್‌ಲ್ಯಾಂಡ್ಸ್.

ಆ ಕ್ಯಾಸೆಟ್ ಇವತ್ತೂ ಅದೇ ಜಾಗದಲ್ಲಿ ಕೈಕೊಟ್ಟಿತು. ನಾನು ಹುಡುಗನಾಗಿದ್ದಾಗ ಕಂಪ್ಯೂಟರ್ ಆಟಗಳನ್ನು ರೇಡಿಯೋದಲ್ಲೇ ಬಿಡುತ್ತಿದ್ದರು, ಬರೀ ಕೀಚಲು ಸದ್ದು. ಅದನ್ನು ಕ್ಯಾಸೆಟ್ಟಿಗೆ ಹಿಡಿದು ಕಂಪ್ಯೂಟರಿಗೆ ಕೇಳಿಸಿದರೆ ಆಟ ಬರುತ್ತಿತ್ತು. ನನ್ನ ಹತ್ತಿರ ವೈರ್ ಇರಲಿಲ್ಲ, ರೇಡಿಯೋ ಮುಂದೆ ಮೈಕ್ ಹಿಡಿಯುತ್ತಿದ್ದೆ; ಮನೆಯಲ್ಲಿ ಚೂರು ಸದ್ದಾದರೂ ಅದೂ ಸೇರಿಕೊಂಡು ಆಟ ಕೆಡುತ್ತಿತ್ತು. ಅಷ್ಟು ಹೊತ್ತು ಅಮ್ಮ ಬಟಾಣಿ ಸೂಪಿನ ಪಾತ್ರೆಗೆ ಸೌಟು ಕೂಡ ತಾಗಿಸುತ್ತಿರಲಿಲ್ಲ. ತಂಗಿ ಫ್ರೌಕ್ಯೆ ಮಾತಾಡಿ ಕೆಡಿಸಿದಳು ಅಂತ ನಲವತ್ತು ವರ್ಷ ಆಡಿಕೊಂಡಿದ್ದೇನೆ. ಹಳೇ ಕಂಪ್ಯೂಟರುಗಳ ಬಗ್ಗೆ ನಾನು ಇಂಟರ್ನೆಟ್ಟಿಗೆ ಹಾಕುವ ವಿಡಿಯೋಗಳಲ್ಲಿ ಹೋದ ತಿಂಗಳೂ ಅದನ್ನೇ ಹೇಳಿ ನಗಿಸಿದ್ದೆ.

ಮಧ್ಯಾಹ್ನ ಕ್ಯಾಮೆರಾ ಓಡುತ್ತಿರುವಾಗಲೇ ಒಂದು ಕುತೂಹಲ ಹುಟ್ಟಿತು. ಕಂಪ್ಯೂಟರಿಗೆ ಯಾಕೆ, ನಾನೇ ಕೇಳೋಣ ಅಂತ ಹೆಡ್‌ಫೋನ್ ಹಾಕಿಕೊಂಡೆ. ಕೀಚಲಿನ ನಡುವೆ ಒಬ್ಬ ಹುಡುಗ ಕಿರುಚುತ್ತಾನೆ: "ಫ್ರೌಕ್ಯೆ, ಬಾಯಿ ಮುಚ್ಕೊಂಡಿರೇ!"

ನಾನೇ. ಹನ್ನೊಂದು ವರ್ಷದ ಪೆದ್ದ.

ಸಂಜೆ ಅವಳಿಗೆ ಫೋನ್ ಮಾಡಿದೆ. ಬಿದ್ದು ಬಿದ್ದು ನಕ್ಕಳು. "ನಾನಲ್ಲ ಅಂತ ಆವತ್ತೇ ಬಡ್ಕೊಂಡೆ, ಅಣ್ಣಾ!" ಆಮೇಲೆ ಕೇಳಿದಳು: "ನೀನು ಕಿರುಚೋಕ್ಮುಂಚೆ ನಾನೇನಾದ್ರೂ ಅಂದಿದೀನಾ?"

ಐದು ಸಲ ಹಿಂದಕ್ಕೆ ಸುತ್ತಿ ಕೇಳಿದೆ. ಏನೂ ಅಂದಿಲ್ಲ. ಮತ್ತೆ ಯಾಕೆ ಕಿರುಚಿದೆನೋ, ಅವಳು ಬರೀ ಬಾಯಿ ತೆರೆದಿದ್ದಳೋ ಏನೋ.

ಆರನೆಯ ಸಲ ನಿಲ್ಲಿಸದೆ ಮುಂದಕ್ಕೂ ಬಿಟ್ಟೆ. ನಾಲ್ಕು ನಿಮಿಷ ಕೀಚಲು, ಆಮೇಲೆ ರೇಡಿಯೋ ಆರಿಸಿದ ಟಕ್ ಸದ್ದು. ಅದಾದ ಮೇಲೆ ಯಾರೋ ಸಣ್ಣಗೆ ಮೂಗೆಳೆದುಕೊಂಡರು. ಆರು ವರ್ಷದ ಹುಡುಗಿ, ನನ್ನ ಆಟ ಕೆಡಬಾರದು ಅಂತ ಅಲ್ಲಿಯವರೆಗೂ ಅಳು ತಡೆದುಕೊಂಡಿದ್ದಳು.