ಮೂರು ಹುಟ್ಟಿದ ದಿನಗಳು ಮತ್ತು ತೆರೆಯದ ಒಂದು ಇಮೇಲ್

ಮಾನ್ಯ ಗ್ರಾಹಕ ಸಹಾಯ ವಿಭಾಗದ ಮುಖ್ಯಸ್ಥರೇ,

“ಅಪ್‌ಡೇಟ್ ಯಶಸ್ವಿಯಾಗಿದೆ” ಎಂದು ನಿಮ್ಮ ಕಂಪನಿಯ ಟ್ಯಾಬ್ಲೆಟ್ ನಮಗೆ ತಿಳಿಸಿ ಇಂದಿಗೆ ಇಪ್ಪತ್ತಾರು ದಿನ. ಅಂದಿನಿಂದ ನಮ್ಮ ಇಮೇಲ್ ತೆರೆದಿಲ್ಲ. ಅದು ತೆರೆಯದ ಕಾರಣಕ್ಕೆ ಪೂನಂ ಎಂಬ ನಾಲ್ಕೂವರೆ ವರ್ಷದ ಹುಡುಗಿಯ ಕಿವಿಯ ಆಪರೇಷನ್ ಕೈತಪ್ಪಿದೆ. ನಿಮ್ಮ ಯಶಸ್ಸಿಗೆ ಅಭಿನಂದನೆ ಹೇಳೋಣವೆಂದರೆ ನಿಮ್ಮ ಹೆಸರು ಗೊತ್ತಿಲ್ಲ, ಮುಖ ಕಂಡಿಲ್ಲ. ಎದುರಿಗೆ ನಿಂತು ಮಾತಾಡಲು ನನಗೂ ಬಾಯಿ ಬರುವುದಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಓದಿದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವುದು ಹೇಗೂ ನಿಮ್ಮ ಕೆಲಸ.

ಮುಂಬೈ ಕಡೆಯ ಶಹಾಡ್ ಸ್ಟೇಷನ್ನಿನ ಹಿಂದೆ, ಒಂದೊಂದೇ ಕೋಣೆಯ ಹತ್ತೊಂಬತ್ತು ಖೋಲಿಗಳ ಒಂದು ಸಾಲಿನಲ್ಲಿ ನಾವಿದ್ದೇವೆ, ಎಲ್ಲರೂ ಕಲಬುರಗಿ, ರಾಯಚೂರು ಕಡೆಯವರು. ಶಾಲೆ, ಆಸ್ಪತ್ರೆ, ಕಾರ್ಖಾನೆ, ಎಲ್ಲಿ ಹೋದರೂ ಫಾರ್ಮಿನಲ್ಲಿ ಇಮೇಲ್ ಬರೆಯಲು ಒಂದು ಜಾಗ. ಖಾಲಿ ಬಿಟ್ಟರೆ ಫಾರ್ಮ್ ವಾಪಸ್. ಹೀಗಾಗಿ ರಬಾಳೆಯ ಕಾರ್ಖಾನೆಯಲ್ಲಿ ದುಡಿಯುವ ಸಂಗಮೇಶಣ್ಣ ಮೂರು ವರ್ಷದ ಹಿಂದೆ ಒಂದು ಇಮೇಲ್ ಮಾಡಿದ, ಹತ್ತೊಂಬತ್ತೂ ಮನೆಗೆ ಸೇರಿ ಒಂದೇ. ನಳವೇ ಒಂದಿರುವ ಕಡೆ ಇಮೇಲ್ ಹತ್ತೊಂಬತ್ತು ಯಾಕೆ? ಎಲ್ಲರೂ ಕೂಡಿ ಒಂದು ಹಳೆಯ ಟ್ಯಾಬ್ಲೆಟ್ ಕೊಂಡೆವು. ಬಂದ ಇಂಗ್ಲಿಷ್ ಪತ್ರವನ್ನು ಅದು ಕನ್ನಡ ಮಾಡಿ ತೋರಿಸುತ್ತಿತ್ತು. ಪತ್ರ ಯಾರದೋ ಅವರ ಬಾಗಿಲಿಗೆ ಹೋಗಿ ನಾನು ಓದಿ ಹೇಳುತ್ತಿದ್ದೆ. ಇದು ನಿಮ್ಮ ನಿಯಮಕ್ಕೆ ವಿರುದ್ಧವಂತೆ, ಒಬ್ಬರಿಗೆ ಒಂದು ಖಾತೆ ಇರಬೇಕಂತೆ. ಒಬ್ಬರಿಗೆ ಒಂದು ಖೋಲಿ ಇರಬೇಕೆಂದು ಯಾರಾದರೂ ನಿಯಮ ಮಾಡಿದ್ದರೆ ಅದನ್ನೂ ಸಂತೋಷದಿಂದ ಪಾಲಿಸುತ್ತಿದ್ದೆವು.

ಆ ಸೋಮವಾರ ಚಹಾ ಕುದಿಯುವಷ್ಟರಲ್ಲಿ ಟ್ಯಾಬ್ಲೆಟ್ ತಾನಾಗಿಯೇ ಆರಿ ಹೊತ್ತಿತು. ಬಣ್ಣ ಬದಲಾಗಿತ್ತು, ಗಡಿಯಾರ ದೊಡ್ಡದಾಗಿತ್ತು, ಇಮೇಲ್ ಮಾತ್ರ ಖಾಲಿ. ಸಹಾಯವಾಣಿಗೆ ಫೋನ್ ಮಾಡಿದರೆ, ಪರಿಹಾರವನ್ನು ನಿಮ್ಮ ಇಮೇಲಿಗೆ ಕಳಿಸಿದ್ದೇವೆ ಎಂದರು. ಬೀಗದ ಕೈ ಕಳೆದುಕೊಂಡವರಿಗೆ, ಒಳಗಿನ ಗೂಟಕ್ಕೆ ತೂಗುಹಾಕಿದ್ದೇವೆ ನೋಡಿ ಅಂದ ಹಾಗೆ. ಎರಡನೇ ಸಲ ಮಾಡಿದಾಗ, ಖಾತೆಯನ್ನು ಅಳಿಸಿ ಮತ್ತೆ ಸೇರಿಸಿ ಎಂದರು. ಅಳಿಸಿದೆ. ಅದು ಬಹಳ ಸುಲಭವಾಗಿತ್ತು. ಸೇರಿಸಲು ಹೋದಾಗ ಪಾಸ್‌ವರ್ಡ್ ಕೇಳಿತು, ಸಂಗಮೇಶಣ್ಣನಿಗೆ ಮರೆತಿತ್ತು. ಖಾತೆಗೆ ಕೊಟ್ಟಿದ್ದ ಫೋನಿನ ಸಿಮ್ ಬಂದಾಗಿ ವರ್ಷವಾಗಿತ್ತು. ಕೊನೆಗೆ ಹುಟ್ಟಿದ ದಿನ ಕೇಳಿತು.

“ನಂದೇ ಹಾಕಿರ್ತೀನಿ ತಗೋ. ಜೂನ್ ಒಂದು,” ಎಂದ ಸಂಗಮೇಶಣ್ಣ. ತಪ್ಪು.

“ಹಂಗಾರ ಆಧಾರ್ ಕಾರ್ಡಿನಾಗಿಂದು ಹಾಕು. ಜನವರಿ ಒಂದು.” ಅದೂ ತಪ್ಪು.

ಅವನ ತಾಯಿ ಗುರಮ್ಮ ಬಾಗಿಲಲ್ಲಿ ಕೂತು ಮೆಂತೆ ಸೋಸುತ್ತಿದ್ದಳು. “ಹಡದಾಕಿ ನಾ ಇಲ್ಲೇ ಕುಂತೀನಿ, ಎಲ್ಲಾರೂ ಆ ಹಲಗಿನೇ ಕೇಳ್ತೀರಲ್ಲ! ಎಳ್ಳಮಾಸಿ ಮರುದಿನ ಹುಟ್ಯಾನ ಇಂವಾ. ಅದನ್ನ ಹಾಕು.”

“ಇದರಾಗ ಎಳ್ಳಮಾಸಿ ಇಲ್ಲ, ಆಯಿ,” ಎಂದೆ ನಾನು.

“ಎಳ್ಳಮಾಸಿ ಗೊತ್ತಿಲ್ದಿದ್ದು ಇನ್ನೇನ್ ನಡೀತದ? ಅದಕ್ಕೇ ಕೆಟ್ಟದ ಅದು!”

ಅಂದಾಜಿಗೆ ಇನ್ನೂ ಮೂರು ಹಾಕಿ ನೋಡಿದೆವು. ಐದನೇ ತಪ್ಪಿನ ನಂತರ, ನಮ್ಮ ಸುರಕ್ಷತೆಗಾಗಿ ಖಾತೆಯನ್ನು ಮೂವತ್ತು ದಿನ ಮುಚ್ಚಲಾಗಿದೆ ಎಂಬ ಸಂದೇಶ ಬಂತು. “ಹುಟ್ಟಿದ ದಿನ ಯಾರಾದರೂ ಮರೆಯುತ್ತಾರಾ ಮೇಡಂ?” ಎಂದು ನಿಮ್ಮ ಸಹಾಯವಾಣಿಯವರು ನಕ್ಕರು. ಮಾನ್ಯರೇ, ಮರೆತಿಲ್ಲ. ನಮಗೆ ಮೂರು ಇವೆ. ಹೆತ್ತವಳು ಹಬ್ಬ, ಅಮಾವಾಸ್ಯೆಯ ಲೆಕ್ಕ ಹಿಡಿದು ಹೇಳಿದ್ದು ಒಂದು. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ ಒಂದು. ಆಧಾರ್ ಮಾಡುವಾಗ ಯಂತ್ರದ ಮುಂದೆ ಕೂತವರು ಒತ್ತಿದ ಜನವರಿ ಒಂದು. ಎರಡಕ್ಕೆ ಕಾಗದ ಉಂಟು, ಒಂದಕ್ಕೆ ತಾಯಿ ಉಂಟು. ಹತ್ತೊಂಬತ್ತು ಮನೆಯ ಪರವಾಗಿ ಸಂಗಮೇಶಣ್ಣ ಅಂದು ಯಾವಾಗ ಹುಟ್ಟಿದ್ದ ಎಂದು ಈಗ ಯಾರು ಹೇಳಬೇಕು? ನಿಮ್ಮ ಯಂತ್ರ ಸತ್ಯವನ್ನೇ ಕೇಳಿದ್ದರೆ ಗುರಮ್ಮ ಮೊದಲ ಸಲಕ್ಕೇ ತೆರೆಸುತ್ತಿದ್ದಳು.

ನಮ್ಮ ಸಾಲಿನಲ್ಲಿ ಒಂದೇ ಹುಟ್ಟಿದ ದಿನ ಇರುವವಳು ಪೂನಂ, ಪಕ್ಕದ ಖೋಲಿಯ ಜ್ಯೋತಿಯ ಮಗಳು. ಅವಳಿಗೆ ಕಿವಿ ಕೇಳಿಸುವುದಿಲ್ಲ. ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ ಐದು ವರ್ಷ ತುಂಬುವುದರೊಳಗೆ ಆಗಬೇಕು, ಆಮೇಲೆ ಪುಕ್ಕಟೆ ಪಟ್ಟಿಯಲ್ಲಿ ಹೆಸರಿರುವುದಿಲ್ಲ ಎಂದು ಠಾಣೆ ಊರಿನ ಆಸ್ಪತ್ರೆಯಲ್ಲಿ ಹೇಳಿದ್ದರು. ತಾರೀಖು ಇಮೇಲಿಗೆ ಬರುತ್ತದೆ, ಏಳು ದಿನದೊಳಗೆ ಒಪ್ಪಿಗೆ ಕಳಿಸಿ ಎಂದಿದ್ದರು. ನಿಮ್ಮವರು ಮೂವತ್ತು ದಿನ ಬೇಕಾಗದು, ನಾಳೆ ಸರಿಹೋಗುತ್ತದೆ, ನಾಡಿದ್ದು ಸರಿಹೋಗುತ್ತದೆ ಎಂದದ್ದನ್ನು ನಂಬಿ ಕೂತೆವು. ಹನ್ನೊಂದನೇ ದಿನ ಜ್ಯೋತಿಯೂ ನಾನೂ ಲೋಕಲ್ ರೈಲು ಹಿಡಿದು ಆಸ್ಪತ್ರೆಗೆ ಹೋದೆವು.

“ಮೇಲ್ ತೊ ಕಬ್ ಕಾ ಭೇಜಾ. ಜವಾಬ್ ನಹೀಂ ಆಯಾ, ನಂಬರ್ ದೂಸರೇ ಕೋ ಗಯಾ,” ಎಂದು ಕಿಟಕಿಯಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಮೇಲ್ ಯಾವಾಗಲೋ ಕಳಿಸಿದ್ದರಂತೆ, ಜವಾಬು ಬರದೆ ನಂಬರು ಬೇರೆಯವರಿಗೆ ಹೋಯಿತಂತೆ. ಪೂನಂ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಏನೋ ಇತ್ತು. ಅವರು ಅರ್ಥ ಹೇಳಿದರು, ನಾನು ಜ್ಯೋತಿಗೆ ಹೇಳಿದೆ: ಪಾಲಕರಿಗೆ ಇಚ್ಛೆ ಇಲ್ಲ.

ಜ್ಯೋತಿ ಕನ್ನಡದಲ್ಲೇ ಕಿಟಕಿಗೆ ಕೇಳಿದಳು: “ನಾ ಒಲ್ಲೆ ಅಂದ್ನೇನ್ರಿ? ಯಾವಾಗ ಅಂದೆ? ಯಾರ ಮುಂದ ಅಂದೆ?”

ಆ ಹೆಣ್ಣುಮಗಳಿಗೆ ಭಾಷೆ ತಿಳಿಯಲಿಲ್ಲ, ಮಾತು ತಿಳಿಯಿತು. ಮುಂದಿನ ಪಟ್ಟಿ ಇಪ್ಪತ್ತನೇ ತಾರೀಖಿಗೆ ಆಗುತ್ತದೆ, ತಪ್ಪು ನಿಮ್ಮದಲ್ಲವೆಂದು ಕಂಪನಿಯಿಂದ ಬರೆಸಿ ತನ್ನಿ, ಡಾಕ್ಟರ ಮುಂದೆ ಇಡುತ್ತೇನೆ ಎಂದರು. ಆಮೇಲೆ ನಿಮಗೆ ಒಂಬತ್ತು ಸಲ ಫೋನ್ ಮಾಡಿದ್ದೇನೆ. ಒಂಬತ್ತೂ ಸಲ “ನಿಮ್ಮ ದೂರು ಬಗೆಹರಿದಿದೆ” ಎಂಬ ಸಂದೇಶ ಬಂದಿದೆ. ಯಾರಿಗೆ ಬಗೆಹರಿಯಿತು, ಮಾನ್ಯರೇ?

ನಮ್ಮ ಇಮೇಲನ್ನು ನೀವೇ ಇಟ್ಟುಕೊಳ್ಳಿ. ನಮಗೆ ಬೇಕಾದದ್ದು ಒಂದು ಹಾಳೆ, ಅದರ ಮೇಲೆ ನಿಮ್ಮ ಸಹಿ ಮತ್ತು ಮೊಹರು. ಇಷ್ಟು ಬರೆದರೆ ಸಾಕು: “ಈ ತಾಯಿ ಒಲ್ಲೆ ಅನ್ನಲಿಲ್ಲ. ಆಸ್ಪತ್ರೆ ಕೇಳಿದ್ದು ಅವಳಿಗೆ ಮುಟ್ಟದಂತೆ ಮಾಡಿದವರು ನಾವು.” ಇಂದು ಹದಿನಾಲ್ಕನೇ ತಾರೀಖು. ದಯವಿಟ್ಟು ಅಂಚೆಯಲ್ಲಿ ಕಳಿಸಿ.

ಇಂತಿ,
ನಿಮ್ಮ ಪುಸ್ತಕದಲ್ಲಿ ತೃಪ್ತಳಾಗಿರುವ,
ಭಾಗ್ಯಾ, ಶಹಾಡ್