ಹಾಲು ಕಾಯಿಸದ ಮನೆ

ಪೆನ್ನಾಗರಂ
ಜೂನ್ 12, ಬುಧವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಛತ್ತೀಸಗಢದಲ್ಲಿ ಬಿಸಿಲು ಇಳಿಯಿತೇ? ಬೋರ್‌ವೆಲ್ ಕೊರೆಯುವ ದೂಳಿನ ಕೆಮ್ಮು ನಿಂತಿತೇ? ಈಗಲೂ ಲಾರಿ ಕೆಳಗೇ ಮಲಗುತ್ತೀರೋ, ಇಲ್ಲ ಯಾರಾದರೂ ಜಗಲಿ ಕೊಡುತ್ತಾರೋ? ಅಮ್ಮ ಚೆನ್ನಾಗಿದ್ದಾಳೆ, ಕುರಿಗಳೂ ಚೆನ್ನಾಗಿವೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬೈದು ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ತಮಿಳಿನಲ್ಲಿ ಬರೆದರೆ ಲಾರಿಯವರೆಲ್ಲ ಓದುತ್ತಾರೆ, ಅದಕ್ಕೇ ಅಪ್ಪ ಕಲಿಸಿದ ಕನ್ನಡ. ರಜೆ ಮುಗಿಸಿ ನಿಮ್ಮ ಲಾರಿಗೆ ಹಿಂದಿರುಗುತ್ತಿರುವ ಚಿನ್ನರಾಜ್ ಕೈಯಲ್ಲಿ ಕಳಿಸುತ್ತೇನೆ.

ಶಾಲೆ ಬಿಟ್ಟೆ, ತಿರುಪ್ಪೂರಿನ ಮಿಲ್ಲೂ ಬಿಟ್ಟೆ. ಒಂದು ಕಡೆ ಕೂರುವುದು ನನ್ನಿಂದಾಗದು, ನಿನಗೇ ಗೊತ್ತು. ಈಗ ದಿನಾ ಇಟ್ಟಿಗೆ ಗೂಡಿನ ಒಡಿಶಾ ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತೇನೆ. ರಂಗನಾಯಕಿ ಟೀಚರ್, ನಮ್ಮ ಮಹಿಳಾ ಸಂಘ, ಧರ್ಮಪುರಿಯ ಒಂದು ಟ್ರಸ್ಟ್, ಗೂಡಿನ ಓನರ್ ಎಲ್ಲ ಸೇರಿ ಮಾಡಿದ ಏರ್ಪಾಡು. ಸಂಘದವರು ತಿಂಡಿ ಮಾಡುತ್ತಾರೆ, ಟ್ರಸ್ಟ್ ಪುಸ್ತಕ ಕೊಡುತ್ತದೆ, ಓನರ್ ವ್ಯಾನ್ ಕಳಿಸುತ್ತಾನೆ. ಮಿಲ್ಲಿನ ಹುಡುಗಿಯರಿಂದ ಕಲಿತ ನನ್ನ ಮುರುಕು ಹಿಂದಿಗೂ ಕೆಲಸ ಸಿಕ್ಕಿತು. ನಾಲ್ಕನೇ ಕ್ಲಾಸಿನ ಝಿಲ್ಲಿ ನನಗೇ ಜೋರು ಮಾಡುತ್ತಾಳೆ: "ಬಿರ್ನೆ ಬಾಲೇ, ಬೆಲ್ ಹೊಡಿತಾರೆ." ನಮ್ಮಿಂದಲೇ ಕಲಿತ ಮಾತು.

ಮಳೆ ಬಂದರೆ ಗೂಡು ಮುಚ್ಚುತ್ತದೆ, ಅದರ ಗುಡಿಸಲುಗಳೂ ಹೋಗುತ್ತವೆ. ಝಿಲ್ಲಿಯ ಅಪ್ಪನಿಗೂ ಅಮ್ಮ ಸಬಿತಾಳಿಗೂ ಮರಗೆಣಸಿನ ತೋಟದಲ್ಲಿ ಕೆಲಸ ಸಿಕ್ಕಿದೆ, ಮನೆ ಸಿಕ್ಕಿಲ್ಲ. ಸಿಗದಿದ್ದರೆ ಒಡಿಶಾಗೆ ರೈಲು ಹತ್ತುತ್ತಾರೆ, ಝಿಲ್ಲಿಯ ಓದು ಅಲ್ಲಿಗೆ ಮುಗಿಯಿತು. ಸೋಮವಾರ ಶಾಲೆಯಲ್ಲಿ ಮೀಟಿಂಗ್. ಬಾಡಿಗೆಗೆ ಯಾರು ಕೊಡುತ್ತೀರಿ ಎಂದು ಟೀಚರ್ ಕೇಳಿದರೆ ಎಲ್ಲರೂ ಫ್ಯಾನ್ ನೋಡಿದರು. ದಿನಾ ಆ ಮಕ್ಕಳಿಗೆ ಉಪ್ಪಿಟ್ಟು ಬಡಿಸುವ ಸಂಘದ ಯಲ್ಲಮ್ಮ ಚಿಕ್ಕಮ್ಮನೇ, "ಮಕ್ಳು ಬಂಗಾರ ಕಣಮ್ಮ, ಆದ್ರೆ ಮನೆ ಅಂದ್ರೆ ಮೀನ್ ವಾಸ್ನೆ ಬತ್ತೈತೆ" ಅಂದಳು. ನನಗೆ ತಡೆಯಲಿಲ್ಲ. "ಭಾನುವಾರ ನಿಮ್ಮನೇಲಿ ಬೇಯೋದೇನು ಚಿಕ್ಕಮ್ಮ, ಮಲ್ಲಿಗೆನಾ?" ಎಂದೆ. ಎಲ್ಲ ನಕ್ಕರು. ಅವಳು ಬಿಡಲಿಲ್ಲ: "ಬಾಯ್ ನೋಡಿ ಇವಳ್ದು. ಅಂಗಾರೆ ನಿಮ್ಮಣ್ಣನ್ ಹೊಸ ಮನೆ ಬೀಗ ಆಕೊಂಡೈತಲ್ಲ, ಕೊಡು ನೋಡಾನ."

ಅಣ್ಣನನ್ನು ಕೇಳುತ್ತೇನೆ ಎಂದುಬಿಟ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ, ಮೀಟಿಂಗಿಗೆ ಬಂದಿದ್ದ ಅಮ್ಮನ ಬೈಗುಳ: "ಹಾಲ್ ಕಾಯ್ಸದ ಮನೆ ಕಣೇ ಅದು. ಅವ್ನು ಬಂದು ಉಕ್ಸೋಗಂಟ ಯಾರೂ ಒಲೆ ಅಚ್ಚಂಗಿಲ್ಲ." ಆವಣಿ ತಿಂಗಳಲ್ಲಿ ಬಂದು ಹಾಲು ಕಾಯಿಸುವ ಆಸೆ ನಿನಗೆಷ್ಟಿದೆ ಎಂದು ಬಲ್ಲೆ. ಆ ಮನೆಗಾಗಿ ನೀನು ದೂಳು ತಿಂದಿದ್ದೀಯ. ನಿನಗೆ ಇದರಿಂದ ಸಂತೋಷವಾಗುತ್ತದೆ ಎಂದು ಸುಳ್ಳು ಬರೆಯಲಾರೆ. ಆದರೂ ಕೇಳುತ್ತಿದ್ದೇನೆ, ಕೊಡಲೇ? ಆಗಲಿ ಎಂದರೆ ಒಂದು ಮಿಸ್ಡ್ ಕಾಲ್ ಸಾಕು.

ಅಮ್ಮನ ಆಶೀರ್ವಾದ, ನನ್ನ ನಮಸ್ಕಾರ. ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿಕೋ.

ನಿನ್ನ ತಂಗಿ,
ಈಶ್ವರಿ

ಗುರುವಾರ ಸೇರಿಸಿದ್ದು: ಚಿನ್ನರಾಜ್ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ನಿನ್ನೆ ಸಂಜೆಯ ಮಳೆಗೆ ಝಿಲ್ಲಿಯವರ ಗುಡಿಸಲು ಕುಸಿಯಿತು. ನಿನ್ನ ಮಾತಿಗೆ ಕಾಯಲಿಲ್ಲ, ಬೀಗ ತೆಗೆದೆ. ಸಬಿತಾ ಒದ್ದೆ ಸೀರೆಯಲ್ಲೇ ಅನ್ನಕ್ಕಿಡಲು ಹೋದಾಗ ಅಮ್ಮ ಬಿರುಸಾಗಿ ಬಂದಳು. ಜಗಳಕ್ಕೇ ಎಂದುಕೊಂಡೆ. ಕೈಯಲ್ಲಿ ಹಾಲಿನ ಚೊಂಬಿತ್ತು. "ಮೊದ್ಲು ಇದ್ನ ಇಡಾಕೇಳು ಅವ್ಳಿಗೆ. ಅದೂ ಗೊತ್ತಿಲ್ವೇನೇ ನಿಂಗೆ" ಎಂದು ನನ್ನನ್ನೇ ಗದರಿದಳು. ಸಬಿತಾ ಇಟ್ಟಳು, ಹಾಲು ಉಕ್ಕಿತು. ಇನ್ನು ಆ ಶಾಸ್ತ್ರ ನಿನಗೆ ಉಳಿದಿಲ್ಲ ಅಣ್ಣಾ. ಬೈಯುವುದಿದ್ದರೆ ನನ್ನನ್ನು ಬೈ, ಅಮ್ಮನನ್ನು ಏನೂ ಕೇಳಬೇಡ. ಬೀಗದ ಕೈ ಸಬಿತಾಳ ಹತ್ತಿರ ಇದೆ. ಬಂದಾಗ ಬಾಗಿಲು ತಟ್ಟು.